ಕಾರಿನ ಕೀ ಕಳೆದರೆ, ಕೆಟ್ಟರೆ: ಖರ್ಚು ಮತ್ತು ಕೋಡಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

## ಮೊದಲು ತಿಳಿದಿರಬೇಕಾದ್ದು

ಮೊದಲೆಲ್ಲ ರಸ್ತೆ ಬದಿಯಲ್ಲಿ ನೂರು ರೂಪಾಯಿಗೆ ಕೀ ಮಾಡಿಕೊಡ್ತಿದ್ರು. ಈಗ ಸಾವಿರಗಟ್ಟಲೆ ಯಾಕೆ?

ಹಳೆಯ ಮಾರುತಿ 800 ಅಥವಾ ಅಂಬಾಸಿಡರ್ ಕೀ ಅಂದರೆ ಬರೀ ಲೋಹ. ಹಲ್ಲು ಸರಿಯಾಗಿ ಕೂತರೆ ಬೀಗ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ. ಈಗಿನ ಕೀಯ ಒಳಗೆ ಮೂರು ಬೇರೆ ಬೇರೆ ಸಾಮಾನುಗಳಿವೆ. ಬಾಗಿಲು ಮತ್ತು ಇಗ್ನಿಷನ್ ತಿರುಗಿಸುವ ಬ್ಲೇಡ್ ಒಂದು. ಇಂಜಿನ್‌ಗೆ ಅಪ್ಪಣೆ ಕೊಡಿಸುವ ಟ್ರಾನ್ಸ್‌ಪಾಂಡರ್ ಚಿಪ್ ಇನ್ನೊಂದು. ಬಟನ್ ಒತ್ತಿದರೆ ಲಾಕ್–ಅನ್‌ಲಾಕ್ ಮಾಡುವ ರಿಮೋಟ್ ಬೋರ್ಡ್ ಮೂರನೆಯದು.

ಇಗ್ನಿಷನ್ ಬೀಗದ ಬಾಯಿಯ ಸುತ್ತ ಉಂಗುರದಂತೆ ಒಂದು ತಂತಿಯ ಸುರುಳಿ ಇರುತ್ತದೆ. ಕೀ ತಿರುಗಿಸಿದ ಕೂಡಲೇ ಅದು ಸುಮಾರು 125 ಕಿಲೋಹರ್ಟ್ಸ್‌ನ ಅಲೆ ಹೊರಡಿಸುತ್ತದೆ. ಚಿಪ್‌ಗೆ ಸ್ವಂತ ಸೆಲ್ ಇಲ್ಲ, ಆ ಅಲೆಯಿಂದಲೇ ಶಕ್ತಿ ಪಡೆದು ಉತ್ತರ ಕೊಡುತ್ತದೆ. ಉತ್ತರ ಸರಿಯಾಗಿದ್ದರೆ ಮಾತ್ರ ಇಮ್ಮೊಬಿಲೈಸರ್ ಎಂಬ ಕಳ್ಳತನ ತಡೆಯುವ ವ್ಯವಸ್ಥೆ ಇಂಜಿನ್ ಓಡಲು ಬಿಡುತ್ತದೆ. ಮಾರುತಿಯವರು ಇದನ್ನೇ 'ಐಕ್ಯಾಟ್ಸ್' ಅನ್ನುತ್ತಾರೆ. ಹಾಗಾಗಿ ನೀವು ಕೊಡುವ ದುಡ್ಡಿನಲ್ಲಿ ಲೋಹಕ್ಕೆ ಹೋಗುವುದು ಚೂರು. ಮಿಕ್ಕಿದ್ದೆಲ್ಲ ಚಿಪ್ಪಿಗೆ, ರಿಮೋಟಿಗೆ, ಆ ಚಿಪ್ಪನ್ನು ಕಾರಿಗೆ ಪರಿಚಯಿಸುವ ಕೋಡಿಂಗ್ ಕೆಲಸಕ್ಕೆ.

ನನ್ನ ಕೀಯಲ್ಲಿ ಬಟನ್ನೇ ಇಲ್ಲ. ಹಾಗಾದ್ರೆ ಚಿಪ್ ಕೂಡ ಇಲ್ಲ ಅಂತಾನಾ?

ಹಾಗೆ ಹೇಳುವಂತಿಲ್ಲ. ಬೇಸ್ ಮಾಡೆಲ್ ಕಾರುಗಳ ಬಟನ್ ಇಲ್ಲದ ಕೀಯ ಕಪ್ಪು ತಲೆಯೊಳಗೂ ಚಿಪ್ ಇರುತ್ತದೆ. ಇಗ್ನಿಷನ್ ಆನ್ ಮಾಡಿದಾಗ ಮೀಟರಿನಲ್ಲಿ ಕೀ ಅಥವಾ ಬೀಗದ ಚಿತ್ರ ಬೆಳಗಿ ಎರಡು ಮೂರು ಸೆಕೆಂಡಿನಲ್ಲಿ ಆರಿದರೆ ಚಿಪ್ ಇದೆ. ಇನ್ನೂ ಅನುಮಾನವಿದ್ದರೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಅನ್ನು ಕೀಯ ತಲೆಗೆ ಎರಡು ಮೂರು ಸುತ್ತು ಸುತ್ತಿ ಸ್ಟಾರ್ಟ್ ಮಾಡಿ ನೋಡಿ. ಸ್ಟಾರ್ಟರ್ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ, ಇಲ್ಲವೇ ಹಿಡಿದು ಒಂದೆರಡು ಸೆಕೆಂಡಿಗೇ ಆರಿಹೋದರೆ, ಅದು ಚಿಪ್ ಕೀ.

ಸುಮ್ಮನೆ ಒಂದು ಅಂದಾಜು ಹೇಳಿ, ಎಷ್ಟು ಇಟ್ಕೊಂಡು ಹೋಗಬೇಕು?

ಬೆಂಗಳೂರಿನಂಥ ಊರಿನಲ್ಲಿ, ಕೈಯಲ್ಲಿ ಒಂದು ಕೀ ಇದೆ ಅಂದುಕೊಂಡು ಹೇಳುವ ಲೆಕ್ಕ ಇದು. ಚಿಪ್ ಇಲ್ಲದ ಕೀ 100ರಿಂದ 300 ರೂ. ಚಿಪ್ ಇದ್ದು ಬಟನ್ ಇಲ್ಲದ ಕೀ ಹೊರಗಡೆ 1,200ರಿಂದ 2,500 ರೂ., ಶೋರೂಮಿನಲ್ಲಿ 2,500ರಿಂದ 5,000 ರೂ. ಮಡಚುವ ರಿಮೋಟ್ ಕೀ ಹೊರಗಡೆ 2,500ರಿಂದ 4,500 ರೂ., ಶೋರೂಮಿನಲ್ಲಿ 4,000ರಿಂದ 9,000 ರೂ. ಬಟನ್ ಸ್ಟಾರ್ಟ್ ಕಾರಿನ ಸ್ಮಾರ್ಟ್ ಕೀ ಹೊರಗಡೆ 4,500ರಿಂದ 9,000 ರೂ., ಶೋರೂಮಿನಲ್ಲಿ 8,000ರಿಂದ 18,000 ರೂ. ಬೆಂಝ್, ಬಿಎಂಡಬ್ಲ್ಯು, ಆಡಿ ಆದರೆ 25,000 ರೂ. ದಾಟುತ್ತದೆ, ಕೆಲವು ಮಾಡೆಲ್‌ಗಳಲ್ಲಿ ಅದರ ಎರಡರಷ್ಟಾಗುತ್ತದೆ.

ದರ ಕೇಳುವಾಗ ಒಂದೇ ಮೊತ್ತ ಹೇಳಿಸಿಕೊಂಡು ಬರಬೇಡಿ. ಕೀ ಸಾಮಾನಿಗೆ ಎಷ್ಟು, ಬ್ಲೇಡ್ ಕಟಿಂಗ್‌ಗೆ ಎಷ್ಟು, ಕೋಡಿಂಗ್‌ಗೆ ಎಷ್ಟು, ಲೇಬರ್ ಮೇಲಿನ 18% ಜಿಎಸ್‌ಟಿ ಇದರಲ್ಲಿ ಸೇರಿದೆಯೋ ಇಲ್ಲವೋ ಎಂದು ಬಿಡಿಬಿಡಿಯಾಗಿ ಕೇಳಿ. "ಕೀಗೆ ನಾಲ್ಕು ಸಾವಿರ" ಎಂದವರು ಬಿಲ್ಲಿನಲ್ಲಿ ಕೋಡಿಂಗ್‌ನ ಎರಡು ಸಾವಿರ ಸೇರಿಸಿದಾಗಲೇ ಜಗಳ ಶುರುವಾಗುವುದು.

ರಿಮೋಟ್ ಕೆಲಸ ಮಾಡ್ತಿಲ್ಲ. ಹೊಸ ಕೀ ಬೇಕಾ?

ಹೆಚ್ಚಿನ ಸಲ ಬೇಡ. ಮೊದಲು ಸೆಲ್ ನೋಡಿ. ಅದರ ಮೇಲೆ ಸಿಆರ್2032, ಸಿಆರ್2025, ಸಿಆರ್1620 ಎಂದೇನಾದರೂ ಬರೆದಿರುತ್ತದೆ. 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಅಷ್ಟೇ ಅಗಲವಿದ್ದರೂ 2.5 ಮಿಲಿಮೀಟರ್ ದಪ್ಪ. ಅದನ್ನು 2032ರ ಜಾಗದಲ್ಲಿ ಹಾಕಿದರೆ ಸಡಿಲವಾಗಿ ಕೂತು, ಕೀ ಅಲ್ಲಾಡಿದಾಗಲೆಲ್ಲ ಸಂಪರ್ಕ ತಪ್ಪುತ್ತದೆ. ಒಳ್ಳೆಯ ಕಂಪನಿಯ ಸೆಲ್‌ಗೆ 50ರಿಂದ 150 ರೂ. ಹಳೆಯ ಸೆಲ್ ಅನ್ನು ಮೇಜಿನ ಮೇಲೆ ಬಿಡಬೇಡಿ. ಪುಟ್ಟ ಮಕ್ಕಳು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲ ವಸ್ತು ಅದು.

ಸೆಲ್ ಹೊಸದಾದರೂ ಒಂದು ಬಟನ್ ಮಾತ್ರ ಕೆಲಸ ಮಾಡದಿದ್ದರೆ ಬೋರ್ಡಿನ ಮೇಲಿನ ಮೈಕ್ರೋ ಸ್ವಿಚ್ ಸವೆದಿದೆ. ಮೊಬೈಲ್ ರಿಪೇರಿ ಮಾಡುವವರೂ ಅದನ್ನು ಬೆಸುಗೆ ಬಿಡಿಸಿ ಬದಲಿಸಬಲ್ಲರು, 100ರಿಂದ 300 ರೂ. ಸಾಕು.

ಕವಚ ಒಡೆದಿದ್ದರೆ ಕವಚವನ್ನಷ್ಟೇ ಬದಲಿಸಬಹುದು, 300ರಿಂದ 800 ರೂ. ಆದರೆ ಇಲ್ಲೊಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಬಹಳ ಕೀಗಳಲ್ಲಿ ಚಿಪ್ ಬೋರ್ಡಿಗೆ ಅಂಟಿರುವುದಿಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಒಂದು ತುದಿ ಚೂಪಾದ ಕಪ್ಪು ತುಂಡಾಗಿ ಹಳೆಯ ಕವಚದ ಮೂಲೆಯ ಪುಟ್ಟ ಗೂಡಿನಲ್ಲಿ ಕೂತಿರುತ್ತದೆ. ಬೋರ್ಡ್ ಮತ್ತು ಬ್ಲೇಡ್ ಹೊಸ ಕವಚಕ್ಕೆ ಹಾಕಿ, ಹಳೆಯದನ್ನು ಕಸಕ್ಕೆ ಎಸೆದರೆ ರಿಮೋಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕಾರು ಸ್ಟಾರ್ಟ್ ಆಗುವುದಿಲ್ಲ. ಹೊಸ ಕವಚದಲ್ಲಿ ಸ್ಟಾರ್ಟ್ ಆಗುವುದನ್ನು ಕಣ್ಣಾರೆ ನೋಡುವವರೆಗೆ ಹಳೆಯ ಕವಚ ನಿಮ್ಮ ಜೇಬಿನಲ್ಲೇ ಇರಲಿ.

ಸ್ಮಾರ್ಟ್ ಕೀ ಸೆಲ್ ದಾರಿಯಲ್ಲೇ ಸತ್ತುಹೋಯ್ತು. ಮನೆಗೆ ಹೋಗೋದು ಹೇಗೆ?

ಕೀಯ ಬದಿಯ ಗುಂಡಿ ಸರಿಸಿದರೆ ಒಳಗಿಂದ ಒಂದು ಲೋಹದ ಕೀ ಹೊರಬರುತ್ತದೆ. ಅದರಿಂದ ಚಾಲಕನ ಬಾಗಿಲು ತೆಗೆಯಿರಿ. ಅಲಾರಂ ಕೂಗಿದರೆ ಗಾಬರಿ ಬೇಡ, ಕಾರು ಸ್ಟಾರ್ಟ್ ಆದರೆ ನಿಲ್ಲುತ್ತದೆ. ಬಳಿಕ ಬ್ರೇಕ್ ಅಥವಾ ಕ್ಲಚ್ ತುಳಿದು, ಹ್ಯುಂಡೈ ಮತ್ತು ಕಿಯಾದಲ್ಲಿ ಸ್ಮಾರ್ಟ್ ಕೀಯಿಂದಲೇ ಸ್ಟಾರ್ಟ್ ಬಟನ್ ಒತ್ತಿ. ಮಾರುತಿ ಮತ್ತು ಟೊಯೊಟಾದಲ್ಲಿ ಕೀಯನ್ನು ಬಟನ್‌ಗೆ ತಾಗಿಸಿ, ಆಮೇಲೆ ಬಟನ್ ಒತ್ತಿ. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ಕೀ ಹಿಡಿಯಬೇಕಾದ ಜಾಗ ಮಾಡೆಲ್‌ಗೆ ತಕ್ಕಂತೆ ಬೇರೆ, ಕಾರಿನ ಕೈಪಿಡಿ ನೋಡಿ. ಸೆಲ್ ಸತ್ತರೂ ಒಳಗಿನ ಚಿಪ್ ಸಾಯುವುದಿಲ್ಲ, ಹಾಗಾಗಿ ಇದು ನಡೆಯುತ್ತದೆ.

## ಕೀ ಕಳೆದಾಗ

ಒಂದು ಕೀ ಕಳೆದಿದೆ, ಇನ್ನೊಂದು ಮನೆಯಲ್ಲಿದೆ. ಅವಸರ ಏನಿದೆ?

ಅವಸರ ಇದೆ. ಉಳಿದ ಒಂದು ಕೀ ಇರುವಷ್ಟು ದಿನ ಮಾತ್ರ ನಿಮ್ಮ ಖರ್ಚು ಮೇಲಿನ ಲೆಕ್ಕದೊಳಗೆ ಇರುತ್ತದೆ. ಅದೂ ಹೋದರೆ ಬ್ಲೇಡ್ ಹೊಸದಾಗಿ ಓದಿ ಕತ್ತರಿಸಬೇಕು, ಗಾಡಿ ಇರುವಲ್ಲಿಗೆ ಜನ ಬರಬೇಕು ಇಲ್ಲವೇ ಗಾಡಿಯನ್ನು ಹೊತ್ತು ಒಯ್ಯಬೇಕು. ಖರ್ಚು ಸುಲಭವಾಗಿ ಎರಡರಷ್ಟಾಗುತ್ತದೆ. ಎರಡನೇ ಕೀ ಮಾಡಿಸುವುದನ್ನು ಮುಂದಿನ ಸರ್ವಿಸ್‌ವರೆಗೆ ಮುಂದೂಡಬೇಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಕೋಡಿಂಗ್ ಮಾಡಿಸುವಾಗ ಕಳೆದ ಕೀಯನ್ನು ಕಾರಿನ ನೆನಪಿನಿಂದ ಅಳಿಸಿ ಎಂದು ಬಾಯಿಬಿಟ್ಟು ಹೇಳಿ. ಇರುವ ಕೀ ಎಲ್ಲವನ್ನೂ ಜೊತೆಗೆ ಒಯ್ಯಿರಿ. ಅನೇಕ ಕಾರುಗಳಲ್ಲಿ ಹೊಸ ಕೀ ಸೇರಿಸುವಾಗ ಹಳೆಯ ಪಟ್ಟಿಯೆಲ್ಲ ಅಳಿಸಿಹೋಗಿ, ಆ ಹೊತ್ತಿಗೆ ಎದುರಿಗಿರುವ ಕೀಗಳಷ್ಟೇ ಮತ್ತೆ ದಾಖಲಾಗುತ್ತವೆ. ಮನೆಯಲ್ಲಿ ಬಿಟ್ಟು ಬಂದ ಕೀ ಅವತ್ತಿನಿಂದ ಇಂಜಿನ್ ಪಾಲಿಗೆ ಅಪರಿಚಿತ.

ಅಳಿಸಿದರೆ ಸಿಕ್ಕವರು ಇಂಜಿನ್ ಸ್ಟಾರ್ಟ್ ಮಾಡಲಾರರು, ನಿಜ. ಬಾಗಿಲಿನ ಬೀಗ ಮಾತ್ರ ಹಳೆಯ ಬ್ಲೇಡಿಗೆ ತೆರೆದುಕೊಳ್ಳುತ್ತದೆ. ಕೀ ಜೊತೆ ಮನೆ ವಿಳಾಸವಿರುವ ಪರ್ಸ್ ಕೂಡ ಹೋಗಿದ್ದರೆ ಲಾಕ್ ಸೆಟ್ ಬದಲಿಸುವುದೇ ಲೇಸು.

ಎರಡೂ ಕೀ ಇಲ್ಲ. ಕಾರು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಂತಿದೆ. ಏನು ಮಾಡಲಿ?

ಟೋಯಿಂಗ್ ಮೊದಲ ಆಯ್ಕೆ ಆಗಬಾರದು. ಸ್ಟೀರಿಂಗ್ ಲಾಕ್ ಆಗಿದೆ, ಆಟೊಮ್ಯಾಟಿಕ್ ಆದರೆ ಗೇರ್ ಪಾರ್ಕಿಂಗ್‌ನಲ್ಲಿ ಸಿಕ್ಕಿಕೊಂಡಿದೆ, ಬೇಸ್‌ಮೆಂಟಿನ ತಗ್ಗು ಸೂರಿನಡಿ ಫ್ಲ್ಯಾಟ್‌ಬೆಡ್ ಲಾರಿ ಬರುವುದೂ ಇಲ್ಲ. ಚಕ್ರದ ಕೆಳಗೆ ಟ್ರಾಲಿ ಇಟ್ಟು ಎಳೆಯುವ ವ್ಯವಸ್ಥೆಗೇ ಸಾವಿರಾರು ರೂಪಾಯಿ ಹೋಗುತ್ತದೆ.

ಸ್ಥಳಕ್ಕೆ ಬಂದು ಕೀ ಮಾಡುವವರನ್ನು ಕರೆಸಿದರೆ ಕೆಲಸ ಹೀಗೆ ಸಾಗುತ್ತದೆ. ಬೀಗದೊಳಗೆ ಲಿಶಿ ಎಂಬ ತೆಳುವಾದ ಸಾಧನ ಹಾಕಿ, ಕೀಯ ಹಲ್ಲಿಗೆ ತಕ್ಕಂತೆ ಸರಿಯುವ ಒಂದೊಂದು ಲಿವರ್ ಎಷ್ಟು ಆಳಕ್ಕಿದೆ ಎಂದು ಓದಿಕೊಳ್ಳುತ್ತಾರೆ. ಆ ಅಂಕಿಗಳನ್ನು ಕಟಿಂಗ್ ಯಂತ್ರಕ್ಕೆ ಕೊಟ್ಟು ಹೊಸ ಬ್ಲೇಡ್ ತೆಗೆಯುತ್ತಾರೆ. ಆ ಬ್ಲೇಡಿನಿಂದ ಬಾಗಿಲೂ ಇಗ್ನಿಷನ್ನೂ ತಿರುಗಬೇಕು. ಆಮೇಲೆ ಸ್ಟೀರಿಂಗ್ ಕೆಳಗಿನ 16 ಪಿನ್‌ನ ಓಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಕಿಂಡಿ) ಪ್ರೋಗ್ರಾಮರ್ ಯಂತ್ರ ಹಾಕಿ ಹಳೆಯ ಕೀಗಳನ್ನು ಅಳಿಸಿ ಹೊಸದನ್ನು ದಾಖಲಿಸುತ್ತಾರೆ. ಸಾಧಾರಣ ಕಾರಿಗೆ ಒಂದರಿಂದ ಮೂರು ಗಂಟೆ. ಮೇಲೆ ಹೇಳಿದ ದರದ ಜೊತೆಗೆ 1,500ರಿಂದ 5,000 ರೂ. ಹೆಚ್ಚುವರಿ ಕೇಳುತ್ತಾರೆ. ಅವರು ಇದ್ದಾಗಲೇ ಎರಡು ಕೀ ಮಾಡಿಸಿ. ಓದುವ ಕೆಲಸ ಒಂದೇ ಸಲ ಆಗಿರುವುದರಿಂದ ಎರಡನೆಯದು ಅಗ್ಗವಾಗಿ ಬೀಳುತ್ತದೆ.

ಹೊಸ ಕಾರು ಕೊಂಡಾಗ ಕೀ ಜೊತೆ ಅಂಕಿಗಳಿರುವ ಸಣ್ಣ ಲೋಹದ ಇಲ್ಲವೇ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟಿರುತ್ತಾರೆ. ಅದೇ ಕೀ ನಂಬರ್. ಅದು ಇದ್ದರೆ ಬೀಗ ಓದುವ ಕೆಲಸವೇ ಬೇಡ, ನೇರವಾಗಿ ಕತ್ತರಿಸಬಹುದು. ಇವತ್ತೇ ಹುಡುಕಿ ಫೋಟೊ ತೆಗೆದಿಡಿ, ಕೀ ಬಂಚಿಗೆ ಮಾತ್ರ ಕಟ್ಟಬೇಡಿ.

ಶೋರೂಮಿನವರು ಏನೇನು ದಾಖಲೆ ಕೇಳ್ತಾರೆ?

ಆರ್‌ಸಿ, ಮಾಲೀಕರ ಗುರುತಿನ ಚೀಟಿ, ಇನ್ಶೂರೆನ್ಸ್ ಪ್ರತಿ, ಕೀ ಕಳೆದಿದ್ದರೆ ಪೊಲೀಸ್ ವರದಿ. ಕರ್ನಾಟಕದಲ್ಲಿ ರಾಜ್ಯ ಪೊಲೀಸರ ಕೆಎಸ್‌ಪಿ ಆ್ಯಪ್‌ನ ಇ-ಲಾಸ್ಟ್ ವಿಭಾಗದಲ್ಲಿ ಕಳೆದ ವಸ್ತುವಿನ ವರದಿ ಪಡೆಯಬಹುದು. ಕೀ ಕಳವಾಗಿದೆ ಎಂಬ ಅನುಮಾನವಿದ್ದರೆ ಠಾಣೆಗೇ ಹೋಗಿ ದೂರು ಕೊಡಿ. ಆರ್‌ಸಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಕೇಳುತ್ತಾರೆ. ಕಿರಿಕಿರಿ ಅನಿಸಬಹುದು, ಆದರೆ ಈ ದಾಖಲೆ ಕೇಳದೆ ಕೀ ಮಾಡಿಕೊಡುವವರು ನಾಳೆ ನಿಮ್ಮ ಕಾರಿಗೂ ಬೇರೆಯವರಿಗೆ ಮಾಡಿಕೊಟ್ಟಾರು. ಹೊರಗಿನ ಕೀ ಅಂಗಡಿಯವರು ಆರ್‌ಸಿ ನೋಡುತ್ತಾರೋ ಇಲ್ಲವೋ ಎಂಬುದರ ಮೇಲೇ ಅಂಗಡಿಯ ಯೋಗ್ಯತೆ ಅಳೆಯಬಹುದು.

ಇನ್ಶೂರೆನ್ಸ್‌ನಲ್ಲಿ ಕೀ ದುಡ್ಡು ಬರುತ್ತಾ?

ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ. 'ಕೀ ರಿಪ್ಲೇಸ್‌ಮೆಂಟ್' ಎಂಬ ಆ್ಯಡ್-ಆನ್ ತೆಗೆದುಕೊಂಡಿದ್ದರೆ ಮಾತ್ರ ಬರುತ್ತದೆ, ಅದಕ್ಕೂ ವರ್ಷಕ್ಕೆ ಇಷ್ಟು ಸಲ, ಇಷ್ಟು ಮೊತ್ತ ಎಂಬ ಮಿತಿ ಇರುತ್ತದೆ. ಸ್ಮಾರ್ಟ್ ಕೀ ಇರುವವರಿಗೆ ಈ ಆ್ಯಡ್-ಆನ್ ಲಾಭದ ಮಾತೇ. ಕೀ ಮಾಡಿಸುವ ಮುಂಚೆಯೇ ಕಂಪನಿಗೆ ತಿಳಿಸಿ, ಮಾಡಿಸಿ ಆದಮೇಲೆ ಹೇಳಿದರೆ ಕ್ಲೇಮ್ ಕಷ್ಟ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಕಾರೇ ಕಳವಾದಾಗ ವಿಮೆಯವರು ಎರಡೂ ಕೀ ಒಪ್ಪಿಸಿ ಎನ್ನುತ್ತಾರೆ. ಒಂದು ಕೀ ಯಾವತ್ತೋ ಕಳೆದಿದ್ದು, ಅದಕ್ಕೆ ದಾಖಲೆಯೇ ಇಲ್ಲದಿದ್ದರೆ ಲಕ್ಷಗಟ್ಟಲೆ ಕ್ಲೇಮ್ ವಿಚಾರಣೆಯಲ್ಲಿ ಸಿಲುಕುತ್ತದೆ. ಆದ್ದರಿಂದ ಕೀ ಕಳೆದ ದಿನದ ವರದಿ, ಹೊಸ ಕೀಯ ಬಿಲ್ಲು ಎರಡನ್ನೂ ಆರ್‌ಸಿ ಜೊತೆ ಜೋಪಾನ ಮಾಡಿ.

## ಶೋರೂಮೋ, ಹೊರಗಡೆಯೋ?

ಹೊರಗಡೆ ಅರ್ಧ ರೇಟಿಗೆ ಮಾಡ್ತಾರೆ. ನಂಬಬಹುದಾ?

ಕೆಲಸ ಬಲ್ಲವರನ್ನು ನಂಬಬಹುದು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಸುತ್ತ ಕಾರಿನ ಸಾಮಾನು ಸಿಗುವ ಕಡೆ ಈ ಕೆಲಸದಲ್ಲೇ ಕೈ ಪಳಗಿದವರಿದ್ದಾರೆ. ಐದಾರು ವರ್ಷ ಹಳೆಯ ಮಾರುತಿ, ಹ್ಯುಂಡೈ, ಟಾಟಾ, ಹೋಂಡಾ ಕಾರಿನ ಮಡಚುವ ಕೀಗೆ ಹೊರಗಡೆ ಹೋಗುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. ವಾರಂಟಿ ಇರುವ ಕಾರು, ಹೊಸ ಮಾಡೆಲ್‌ನ ಸ್ಮಾರ್ಟ್ ಕೀ, ಯುರೋಪಿನ ಕಾರು ಆದರೆ ಶೋರೂಮೇ ಸರಿ.

ಹೊರಗಡೆ ದುಡ್ಡು ಕೊಡುವ ಮುಂಚೆ ಅಲ್ಲೇ ನಿಂತು ನೋಡಬೇಕಾದ್ದಿಷ್ಟು: ಹೊಸ ಕೀಯಿಂದ ಎಲ್ಲ ಬಾಗಿಲು, ಡಿಕ್ಕಿ, ಪೆಟ್ರೋಲ್ ಮುಚ್ಚಳ ತೆರೆಯಬೇಕು. ಐದು ಸಲ ಸ್ಟಾರ್ಟ್ ಮಾಡಿ, ಒಂದೊಂದು ಸಲವೂ ಕಾರನ್ನು ಲಾಕ್ ಮಾಡಿ ಎರಡು ನಿಮಿಷ ಬಿಡಿ. ಹತ್ತು ಹದಿನೈದು ಮೀಟರ್ ದೂರದಿಂದ ರಿಮೋಟ್ ಒತ್ತಿ. ಹಳೆಯ ಕೀ ಕೂಡ ಸ್ಟಾರ್ಟ್ ಮಾಡುತ್ತದೋ ನೋಡಿ. ಮೀಟರಿನಲ್ಲಿ ಹೊಸ ದೀಪವೇನಾದರೂ ಹತ್ತಿದೆಯೇ ಗಮನಿಸಿ.

ಆನ್‌ಲೈನ್‌ನಲ್ಲಿ 900 ರೂಪಾಯಿಗೆ ನಮ್ಮ ಕಾರಿನದ್ದೇ ಕೀ ಇದೆ. ತಗೊಂಡು ಕೋಡಿಂಗ್ ಮಾತ್ರ ಮಾಡಿಸಬಹುದಾ?

ಮೊದಲು ಅದು ಖಾಲಿ ಕವಚವೇ ನೋಡಿ, ಆ ಬೆಲೆಗೆ ಸಿಗುವುದು ಬಹುತೇಕ ಅಷ್ಟೇ. ಬೋರ್ಡ್ ಇದ್ದರೂ ಎರಡು ವಿಷಯ ಹೊಂದಬೇಕು. ನಮ್ಮ ದೇಶದ ಕಾರಿನ ರಿಮೋಟ್ 433 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಅಮೆರಿಕದ ಎಷ್ಟೋ ಕಾರುಗಳದ್ದು 315. ಅಲ್ಲಿರುವ ಮಗನೋ ಅಳಿಯನೋ ತಂದ ಕೀ ನೋಡಲು ಅಚ್ಚು ಅದೇ ಆದರೂ ಇಲ್ಲಿ ಬಾಗಿಲು ತೆಗೆಯದಿರುವುದು ಇದಕ್ಕೆ. ಎರಡನೆಯದು ಚಿಪ್ಪಿನ ಜಾತಿ: ಐಡಿ46, ಐಡಿ47, ಟೊಯೊಟಾದ ಜಿ, ಎಚ್ ಹೀಗೆ. ಐಡಿ46 ಕೇಳುವ ಕಾರಿಗೆ ಐಡಿ47 ಕೊಟ್ಟರೆ ಯಾವ ಯಂತ್ರವೂ ಕೋಡ್ ಮಾಡಲಾರದು.

ಬಳಸಿದ ಸ್ಮಾರ್ಟ್ ಕೀ ಇನ್ನೂ ಮೋಸ. ಒಂದು ಕಾರಿಗೆ ದಾಖಲಾದ ಚಿಪ್ ಹಲವು ಕಂಪನಿಗಳಲ್ಲಿ ಅಲ್ಲಿಗೇ ಲಾಕ್ ಆಗುತ್ತದೆ. ಕೀ ಮಾಡುವವರೇ ಸಾಮಾನು ಹಾಕಿ ಕೆಲಸ ಮಾಡಿದರೆ ಕೆಟ್ಟಾಗ ಹೊಣೆಯೂ ಅವರದ್ದೇ. ನೀವು ತಂದುಕೊಟ್ಟ ಸಾಮಾನಿಗೆ ಯಾರೂ ಹೊಣೆಯಾಗುವುದಿಲ್ಲ.

ಕ್ಲೋನ್ ಮಾಡ್ತೀನಿ, ಅಗ್ಗ ಆಗುತ್ತೆ ಅಂತಾರೆ. ಕೋಡಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ?

ಕೋಡಿಂಗ್‌ನಲ್ಲಿ ಹೊಸ ಚಿಪ್ ತನ್ನದೇ ಗುರುತಿನೊಂದಿಗೆ ಕಾರಿನ ಪಟ್ಟಿ ಸೇರುತ್ತದೆ. ಕ್ಲೋನ್‌ನಲ್ಲಿ ಹಳೆಯ ಚಿಪ್ಪಿನ ಗುರುತನ್ನೇ ಹೊಸದಕ್ಕೆ ನಕಲು ಮಾಡುತ್ತಾರೆ, ಕಾರಿಗೆ ಎರಡೂ ಒಂದೇ ಕೀ. ಕಾರಿನ ಕಂಪ್ಯೂಟರ್ ಮುಟ್ಟುವ ಪ್ರಮೇಯವಿಲ್ಲದ್ದರಿಂದ ಅಪಾಯ ಕಡಿಮೆ, ಖರ್ಚೂ ಕಡಿಮೆ. ತೊಂದರೆ ಇರುವುದು ಮುಂದೆ: ಎರಡರಲ್ಲಿ ಒಂದು ಕಳೆದರೆ ಅದನ್ನು ಮಾತ್ರ ಅಳಿಸಲು ಬರುವುದಿಲ್ಲ, ಅಳಿಸಿದರೆ ಎರಡೂ ಹೋಗುತ್ತವೆ. ಮನೆಯಲ್ಲಿ ಭದ್ರವಾಗಿ ಇಡುವ ಮೂರನೇ ಕೀಗೆ ಕ್ಲೋನ್ ಸಾಕು, ದಿನಾ ಬಳಸುವುದಕ್ಕೆ ಕೋಡಿಂಗ್ ಮಾಡಿಸಿ.

## ಇನ್ನಷ್ಟು ಆಳಕ್ಕೆ

ಕೋಡಿಂಗ್ ಹತ್ತೇ ನಿಮಿಷದಲ್ಲಿ ಮುಗೀತು. ಅದಕ್ಕೆ ಎರಡು ಸಾವಿರನಾ?

ಹತ್ತು ನಿಮಿಷ ಕೆಲಸ ಸಲೀಸಾಗಿ ನಡೆದ ದಿನದ ಲೆಕ್ಕ. ಕಾರಿನ ಇಮ್ಮೊಬಿಲೈಸರ್ ಒಳಗೆ ಹೋಗಲು ಅಪ್ಪಣೆ ಬೇಕು. ಹ್ಯುಂಡೈಯಲ್ಲಿ ಅದು ಆರಂಕಿಯ ಪಿನ್. 17 ಅಕ್ಷರಗಳ ಚಾಸಿಸ್ ನಂಬರ್ ಕೊಟ್ಟು ಕಂಪನಿಯಿಂದ ಪಡೆಯಬೇಕು, ಇಲ್ಲವೇ ಯಂತ್ರ ಲೆಕ್ಕಹಾಕಬೇಕು. ತಪ್ಪು ಪಿನ್ ಮೇಲಿಂದ ಮೇಲೆ ಕೊಟ್ಟರೆ ವ್ಯವಸ್ಥೆ ಲಾಕ್ ಆಗಿ ತಾಸುಗಟ್ಟಲೆ ಕಾಯಿಸುತ್ತದೆ. ಹಲವು ಟೊಯೊಟಾಗಳಲ್ಲಿ ಒಂದೂ ಕೀ ಇಲ್ಲದಿದ್ದರೆ ಇಮ್ಮೊಬಿಲೈಸರ್ ರೀಸೆಟ್ ಆಗಲು 16 ನಿಮಿಷ ಕೈಕಟ್ಟಿ ಕೂರಲೇಬೇಕು. ಓಬಿಡಿಯಿಂದ ದಾರಿ ಸಿಗದ ಹಳೆಯ ಕಾರುಗಳಲ್ಲಿ ಇಮ್ಮೊಬಿಲೈಸರ್ ಪೆಟ್ಟಿಗೆ ಬಿಚ್ಚಿ, ಅದರೊಳಗಿನ 93ಸಿ46, 24ಸಿ02 ಥರದ ಎಂಟು ಕಾಲಿನ ಮೆಮೊರಿ ಚಿಪ್ ಓದಿ ಬರೆಯುತ್ತಾರೆ. ಆಟೆಲ್, ಎಕ್ಸ್‌ಹಾರ್ಸ್‌ನಂಥ ಕಂಪನಿಗಳ ಕೋಡಿಂಗ್ ಯಂತ್ರಗಳಿಗೆ ಲಕ್ಷದ ಮಾತು, ಅದರ ಮೇಲೆ ವರ್ಷವರ್ಷದ ಅಪ್‌ಡೇಟ್ ಶುಲ್ಕ. ಕೂಲಿ ಕೇಳುವುದು ಇದಕ್ಕೆಲ್ಲ ಸೇರಿಸಿ.

ಕೋಡಿಂಗ್ ಮಧ್ಯೆ ಕೆಟ್ಟು ಕಾರೇ ಸತ್ತುಹೋಗುತ್ತಂತೆ, ನಿಜಾನಾ?

ಆಗುತ್ತದೆ, ಮುಖ್ಯ ಕಾರಣ ಕಾರಿನ ಬ್ಯಾಟರಿ. ಎರಡು ಮೂರು ವಾರ ನಿಂತ ಕಾರಿನ ಬ್ಯಾಟರಿ ಇಳಿದಿರುತ್ತದೆ. ಇಗ್ನಿಷನ್ ಆನ್‌ನಲ್ಲೇ ಕೆಲಸ ನಡೆಯುವುದರಿಂದ ಬರೆಯುವ ಮಧ್ಯದಲ್ಲಿ ವೋಲ್ಟೇಜ್ ಕುಸಿದರೆ ಮೆಮೊರಿಯಲ್ಲಿ ಅರ್ಧ ಹಳೆಯದು ಅರ್ಧ ಹೊಸದು ಉಳಿದು ಮಾಡ್ಯೂಲ್, ಅಂದರೆ ಆ ಇಮ್ಮೊಬಿಲೈಸರ್ ಪೆಟ್ಟಿಗೆ, ಯಾವ ಕೀಯನ್ನೂ ಒಪ್ಪುವುದಿಲ್ಲ. ಕೆಲಸ ಶುರುವಾಗುವ ಮುನ್ನ ಮಲ್ಟಿಮೀಟರಿನಲ್ಲಿ 12.4 ವೋಲ್ಟ್ ಆದರೂ ಇರಲಿ, ಇಲ್ಲದಿದ್ದರೆ ಚಾರ್ಜರ್ ಹಚ್ಚಿಸಿ. ಹಳೆಯ ಡೇಟಾದ ಬ್ಯಾಕಪ್ ತೆಗೆದಿದ್ದೀರಾ ಎಂದು ಕೇಳುವುದೂ ನಿಮ್ಮ ಹಕ್ಕು. ಬ್ಯಾಕಪ್ ಇದ್ದರೆ ಹಿಂದಿದ್ದಂತೆ ಮಾಡಬಹುದು, ಇಲ್ಲದಿದ್ದರೆ ಹೊಸ ಮಾಡ್ಯೂಲ್ ಖರ್ಚು ಕೀಯ ಹಲವು ಪಟ್ಟು.

ಫೋಕ್ಸ್‌ವ್ಯಾಗನ್, ಬೆಂಝ್ ಕೀಗೆ ವಾರಗಟ್ಟಲೆ ಕಾಯಿಸೋದು ಯಾಕೆ?

ಇವುಗಳ ಕೀ ಅಂಗಡಿಯ ಕಪಾಟಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ನಿಮ್ಮ ಚಾಸಿಸ್ ನಂಬರಿಗೆಂದೇ ಆರ್ಡರ್ ಹೋಗುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿ ಕೋಡಿಂಗ್ ಹೊತ್ತಿಗೆ ಡೀಲರ್‌ನ ಯಂತ್ರ ಆನ್‌ಲೈನ್‌ನಲ್ಲಿ ಜರ್ಮನಿಯ ಸರ್ವರ್‌ನಿಂದ ಅಪ್ಪಣೆ ಪಡೆಯಬೇಕು. ಬೆಂಝ್‌ನ ಎಫ್‌ಬಿಎಸ್4 ಎಂಬ ಇಮ್ಮೊಬಿಲೈಸರ್ ವ್ಯವಸ್ಥೆ ಇರುವ ಕಾರುಗಳಿಗೆ ಕಂಪನಿಯ ದಾರಿ ಹಿಡಿಯುವುದೇ ಕ್ಷೇಮ. ಇದರ ಹಳೆಯ ರೂಪವಾದ ಎಫ್‌ಬಿಎಸ್3 ಕೆಲಸವನ್ನು ಹೊರಗಿನ ನುರಿತವರೂ ಮಾಡುತ್ತಾರೆ.

ಹೊಸ ಕೀ ಒಂದು ಕೆಲಸ ಮಾಡುತ್ತೆ, ಇನ್ನೊಂದು ಮಾಡಲ್ಲ. ತಪ್ಪು ಎಲ್ಲಿದೆ?

ಕೀ ತಿರುಗುತ್ತದೆ, ಸ್ಟಾರ್ಟರ್ ಸುತ್ತುತ್ತದೆ, ಇಂಜಿನ್ ಹಿಡಿಯುವುದಿಲ್ಲ, ಕೀ ಚಿತ್ರದ ದೀಪ ಮಿನುಗುತ್ತದೆ: ಚಿಪ್ ದಾಖಲಾಗಿಲ್ಲ ಅಥವಾ ಕವಚದಲ್ಲಿ ಇಲ್ಲವೇ ಇಲ್ಲ. ಎಲ್ಲ ಕೀಗಳಲ್ಲೂ ಹೀಗೇ ಆದರೆ ತಪ್ಪು ಹೆಚ್ಚಾಗಿ ಕೀಯದ್ದಲ್ಲ, ಇಗ್ನಿಷನ್ ಸುತ್ತಲಿನ ಸುರುಳಿಯದ್ದೋ ಇಮ್ಮೊಬಿಲೈಸರ್‌ನದ್ದೋ ಆಗಿರುತ್ತದೆ. ಹೊಸ ಕೀ ಮಾಡಿಸಿ ದುಡ್ಡು ಕಳೆಯಬೇಡಿ. ಸ್ಟಾರ್ಟ್ ಆಗುತ್ತದೆ, ಬಟನ್ ಮಾತ್ರ ಇಲ್ಲ: ರಿಮೋಟಿನ ನೋಂದಣಿ ಬೇರೆ ಕೆಲಸ, ಅದನ್ನು ಬಿಟ್ಟಿದ್ದಾರೆ, ಕೂಡಲೇ ಮಾಡಿಸಿಕೊಳ್ಳಿ.

ಬ್ಲೇಡ್ ಬಿಗಿಯಾಗಿ ತಿರುಗಿದರೆ ಅದು ನಕಲಿನ ನಕಲು. ಸವೆದ ಕೀಯಿಂದ ಕತ್ತರಿಸಿದ ಕೀ ಆ ಸವೆತವನ್ನೂ ಹೊತ್ತು ಬರುತ್ತದೆ, ಜೊತೆಗೆ ಯಂತ್ರದ ಕೂದಲೆಳೆಯ ತಪ್ಪೂ ಸೇರುತ್ತದೆ. ಒತ್ತಾಯ ಮಾಡಿದರೆ ಬ್ಲೇಡ್ ಬೀಗದೊಳಗೇ ಮುರಿಯುತ್ತದೆ. ಎಣ್ಣೆ ಬಿಡಬೇಡಿ, ಧೂಳು ಅಂಟಿ ಲಿವರ್‌ಗಳು ಮತ್ತಷ್ಟು ಹಿಡಿಯುತ್ತವೆ. ಗ್ರಾಫೈಟ್ ಪುಡಿ ಸಾಕು. ಕೀ ನಂಬರಿನಿಂದ ಹೊಸದಾಗಿ ಕತ್ತರಿಸಲು ಹೇಳಿ.

ಸೆಕೆಂಡ್ ಹ್ಯಾಂಡ್ ಕಾರಿಗೆ ಒಂದೇ ಕೀ ಕೊಡ್ತಿದ್ದಾರೆ. ತಗೋಬಹುದಾ?

ಚೌಕಾಸಿಯಲ್ಲಿ ಶೋರೂಮ್ ಕೀ ದರವನ್ನೇ ಕಳೆಯಿರಿ, ಹೊರಗಿನ ದರವನ್ನಲ್ಲ. ಕಾರು ಮನೆಗೆ ಬಂದ ವಾರದೊಳಗೆ ಸ್ಕ್ಯಾನರ್ ಹಾಕಿಸಿ ಎಷ್ಟು ಕೀ ದಾಖಲಾಗಿವೆ ಎಂದು ನೋಡಿಸಿ, ಹಲವು ಕಾರುಗಳಲ್ಲಿ ಆ ಸಂಖ್ಯೆ ಕಾಣುತ್ತದೆ. ಕೈಯಲ್ಲಿ ಒಂದಿದ್ದು ಪಟ್ಟಿಯಲ್ಲಿ ಮೂರಿದ್ದರೆ ಎಲ್ಲ ಅಳಿಸಿ, ನಿಮ್ಮದನ್ನೂ ಹೊಸದೊಂದನ್ನೂ ದಾಖಲಿಸಿ. ಮಾರುವವರಿಂದ ಒಂದೇ ಕೀ ಪಡೆದೆ ಎಂದು ಮಾರಾಟದ ಪತ್ರದಲ್ಲೇ ಬರೆಸಿಕೊಳ್ಳಿ, ಮುಂದೆ ವಿಮೆಯವರು ಎರಡನೆಯದೆಲ್ಲಿ ಎಂದಾಗ ತೋರಿಸಲು ಬೇಕಾಗುತ್ತದೆ. ಷೆವ್ರೊಲೆ, ಫೋರ್ಡ್‌ನಂತೆ ಇಲ್ಲಿ ಮಾರಾಟ ನಿಲ್ಲಿಸಿದ ಕಂಪನಿಯ ಕಾರಾದರೆ ಅಡ್ವಾನ್ಸ್ ಕೊಡುವ ಮೊದಲೇ ಆ ಮಾಡೆಲ್‌ನ ಕೀ ಸಿಗುತ್ತದೋ, ಯಾರು ಕೋಡ್ ಮಾಡುತ್ತಾರೋ ಫೋನ್ ಮಾಡಿ ವಿಚಾರಿಸಿ.